ಬೇರಿನ ಮಣ್ಣು

ಕಾಯ್ದೆ ಬಲ್ಲವರ ಎದುರು ಇದನ್ನು ಹೇಳುವುದು ಅಧಿಕಪ್ರಸಂಗವೆನಿಸಿದರೆ ಕ್ಷಮಿಸಬೇಕು. ಹೇಳದೆ ಇರಲೂ ಆಗಲಿಲ್ಲ.

2002ರ ನವೆಂಬರ್ 12ರ ಬೆಳಿಗ್ಗೆ, ಹೊಸದುರ್ಗ ತಾಲ್ಲೂಕಿನ ಒಂದು ಠಾಣೆಗೆ ಮತ್ತೋಡು ಕಡೆಯ ರೈತ ಗುಡ್ಡಪ್ಪ ಬಂದ. ಸಬ್ ಇನ್ಸ್‌ಪೆಕ್ಟರ್ ಮೂಡಲಗಿರಿಯಪ್ಪ ತಲೆಯೆತ್ತಿದರು.

"ಏನಪ್ಪ ದೂರು?"

"ಪಕ್ಕದ ಬೋರಪ್ಪನ ತೊಗರಿ ಹೊಲ್ದಾಗೆ ಗಾಂಜಾ ಗಿಡ ಅವೆ ಸ್ವಾಮಿ. ನನ್ ಮಗ ಕದ್ದು ಸೇದ್ತಾನೆ. ಕಾಲೇಜು ಬಿಟ್ಟು ಗೋಡೆ ನೋಡ್ಕಂಡು ಕುಂತವ್ನೆ."

"ಬೋರಪ್ಪ ಮಾರ್ತಾನಾ?"

"ಇಲ್ಲ. ಅಮಾಸೆ ಅಮಾಸೆಗೂ ಅಜ್ಜಯ್ಯನ ಗದ್ದಿಗೆ ಪೂಜೆಗೆ ಕೊಡ್ತಾನೆ. ಅವರಪ್ಪನೂ ಕೊಡ್ತಿದ್ದ."

ಎಫ್‌ಐಆರ್ ದಾಖಲಾಯಿತು. ಮೂಡಲಗಿರಿಯಪ್ಪನವರ ಜೊತೆ ತಹಸೀಲ್ದಾರರು, ಇಬ್ಬರು ಪಂಚರು, ಕಾನ್‌ಸ್ಟೇಬಲ್ ಹನುಮೇಶ್ ಹೊರಟರು. ಜೀಪಿನಲ್ಲಿ ಕೊಬ್ಬರಿ ಮಂಡಿಯ ತಕ್ಕಡಿಯೂ ಇತ್ತು.

ಬೋರಪ್ಪ ಓಡಲಿಲ್ಲ. "ಬರ್ರಿ, ನೆಳ್ಳಿಗೆ ಕುಂತ್ಕಳ್ರಿ" ಎಂದ.

ಹನುಮೇಶ್ ಒಂದು ಗಿಡ ಹಿಡಿದು ಎಳೆದ. ನೆಲ ಕಲ್ಲಿನಂತಿತ್ತು, ಕೈ ಜಾರಿ ಅಂಡೂರಿ ಬಿದ್ದ.

"ಏನಪ್ಪ, ಸರ್ಕಾರ ಮುದ್ದೆ ಹಾಕಲ್ವಾ ನಿಂಗೆ?" ಬೋರಪ್ಪ ನಕ್ಕ. "ತಡಿ, ನೆಲ ನೆನೀಲಿ."

ತೊಟ್ಟಿಯಿಂದ ಕೊಡ ಹೊತ್ತು ತಂದು ಪ್ರತಿ ಗಿಡದ ಬುಡಕ್ಕೂ ನೀರು ಹುಯ್ದ. ಹಸಿ ಇಳಿದ ಮೇಲೆ ತಾನೇ ಒಂದೊಂದನ್ನೂ ಬೇರುಸಮೇತ ಕಿತ್ತು, ಹನುಮೇಶನ ಕೈಗೆ ಕೊಟ್ಟ.

ತೂಕ ಇಪ್ಪತ್ತೆರಡು ಕೆಜಿ ಬಂತು.

ಮೂಡಲಗಿರಿಯಪ್ಪನವರ ಪೆನ್ನು ನಿಂತಿತು. ಹಿಂದಿನ ವರ್ಷವಷ್ಟೇ ಕಾಯ್ದೆ ತಿದ್ದುಪಡಿಯಾಗಿತ್ತು. ಗಾಂಜಾ ಇಪ್ಪತ್ತು ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ ಹತ್ತು ವರ್ಷ ಶಿಕ್ಷೆ, ಜಾಮೀನು ಬಲು ಕಷ್ಟ. ಅದೇ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂ, ಕಾಯಿ ಬಿಟ್ಟ ತುದಿ ಮಾತ್ರ. ಕಾಂಡವಲ್ಲ, ಬೇರಲ್ಲ.

"ಸಾರ್, ಬೇರಿಗೆ ಕೆಸರು ಮೆತ್ಕಂಡೈತೆ. ಒದರಿ ತೂಗಾಣ್ವಾ?" ಹನುಮೇಶ್ ಕೇಳಿದ.

ತಹಸೀಲ್ದಾರರು ಗಡಿಯಾರ ನೋಡಿಕೊಂಡರು. "ಒದರಿದ್ರೆ ಪೊಲೀಸ್ರು ಮಾಲು ಉದುರಿಸಿದ್ರು ಅಂತಾರೆ. ಹೆಂಗವೋ ಹಂಗೇ ಬರೀರಿ."

ಮೂಡಲಗಿರಿಯಪ್ಪ ಪಂಚನಾಮೆಯಲ್ಲಿ ಇಪ್ಪತ್ತೆರಡು ಕೆಜಿ ಗಾಂಜಾ ಎಂದೇ ಬರೆದರು. ಪಂಚರು ಸಹಿ ಹಾಕಿದರು. ಚೀಲಕ್ಕೆ ಅರಗಿನ ಮುದ್ರೆ ಬಿತ್ತು.

"ಅಮಾಸೆಗೆ ಬಿಡ್ತೀರಲ್ವಾ ಸ್ವಾಮಿ? ಗದ್ದಿಗೆ ಕೆಲ್ಸ ಐತೆ" ಎಂದ ಬೋರಪ್ಪ.

"ಜೀಪ್ ಹತ್ತು."

ಸಂಜೆ ಐದಕ್ಕೆ ಬಂಧನ ದಾಖಲಾಯಿತು. ಠಾಣೆಯ ಬಾಗಿಲಲ್ಲಿ ಗುಡ್ಡಪ್ಪ ಇನ್ನೂ ನಿಂತಿದ್ದ. ಹನುಮೇಶ್ ಶಿಕ್ಷೆಯ ಮಾತು ಹೇಳಿದಾಗ, "ಗಿಡ ಕೀಳಿಸ್ರಿ ಅಂದಿದ್ದೆ ಕಣಪ್ಪ, ಬೋರಪ್ಪನ್ನ ಕೀಳ್ರಿ ಅಂದಿದ್ನಾ?" ಎಂದು ಟವೆಲ್ ಹಿಂಡುತ್ತಾ ನಿಂತ.

"ಯಾಕೆ ಬೆಳೆದೆ?" ಬೋರಪ್ಪನ ಹೇಳಿಕೆ ಬರೆದುಕೊಳ್ಳುವಾಗ ಮೂಡಲಗಿರಿಯಪ್ಪ ಕೇಳಿದರು.

"ಗದ್ದಿಗೆ ದೀಪದ ಸೇವೆ ಒಬ್ರ ಮನೇಗೆ ಬಂತು, ಗಂಟೆ ಇನ್ನೊಬ್ರ ಮನೇಗೆ. ನಮ್ಮನೇಗೆ ಬಂದಿದ್ದು ಇದು."

ಆ ಅಮಾವಾಸ್ಯೆಗೆ ಬೋರಪ್ಪ ಚಿತ್ರದುರ್ಗದ ಜೈಲಿನಲ್ಲಿದ್ದ. ಮುಂದಿನ ಅಮಾವಾಸ್ಯೆಗೂ. ಪ್ರಯೋಗಾಲಯದಿಂದ ವರದಿ ಬಂತು: ಮಾದರಿ ಗಾಂಜಾ ಹೌದು. ತೂಕದ ಮಾತು ಅದರಲ್ಲಿರಲಿಲ್ಲ. ಪ್ರಯೋಗಾಲಯದವರನ್ನು ಯಾರೂ ಅದನ್ನು ಕೇಳಿರಲೂ ಇಲ್ಲ.

ಮುದ್ದೆಮಾಲು ಕೋಣೆಯಲ್ಲಿ ಚೀಲ ದಿನೇದಿನೇ ಕುಗ್ಗಿತು. ಒಮ್ಮೆ ಮೂಡಲಗಿರಿಯಪ್ಪ ಅದನ್ನು ಮುಟ್ಟಿ ನೋಡಿದರು. ಒಣಮಣ್ಣು ತಳಕ್ಕೆ ಇಳಿದು ಗಟ್ಟಿಯಾಗಿ ಕೂತಿತ್ತು. ಮುದ್ರೆ ಒಡೆಯುವ ಅಧಿಕಾರ ಅವರಿಗಿರಲಿಲ್ಲ. ಕೋಣೆಗೆ ಬೀಗ ಹಾಕಿ ಬಂದರು.

ಆ ದಿನ ಗಿಡಗಳಲ್ಲಿದ್ದ ಹೂವಿನ ತೂಕ ಎಷ್ಟೆಂಬುದು ಯಾರಿಗೂ ಗೊತ್ತಿಲ್ಲ.