ಮೂವತ್ತು ದಿನವೂ ನೂರಮೂವತ್ತು

“ಇದು ಅಳೆದು ಬರೆದದ್ದೋ, ಕೂತು ಬರೆದದ್ದೋ?”

ಅರಿವಳಿಕೆ ಡಾಕ್ಟರ್ ಪುಸ್ತಕದಿಂದ ಕಣ್ಣೆತ್ತಿ ನೇರವಾಗಿ ಎದುರಿನ ಟೈಲರ್ ಹುಡುಗಿಯನ್ನೇ ನೋಡಿದ. ಅಪ್ಪನ ರಕ್ತದೊತ್ತಡವನ್ನು ಮನೆಯಲ್ಲೇ ಅಳೆದು ಬರೆದಿಡಲು ಆಸ್ಪತ್ರೆಯವರು ಹೇಳಿದ್ದರು. ಮೂವತ್ತು ದಿನವೂ ನೂರಮೂವತ್ತು. ಒಂದೇ ಪೆನ್ನು, ಅಕ್ಷರಕ್ಕೆ ಒಂದೇ ಓರೆ.

ಅವಳ ಕಿವಿ ಬಿಸಿಯಾಯಿತು. ಒತ್ತಡ ಹೆಚ್ಚೆಂದು ಅಪ್ಪನ ಭುಜದ ಆಪರೇಷನ್ ಎರಡು ಸಲ ಮುಂದೆ ಹೋಗಿತ್ತು. ಊರಿನ ನೀರಿನ ಪಂಪುಗಳನ್ನೆಲ್ಲ ಬಿಚ್ಚಿ ಜೋಡಿಸಿದ ಕೈ ಈಗ ತುತ್ತು ಎತ್ತಲೂ ಏಳುತ್ತಿರಲಿಲ್ಲ.

ಆಸ್ಪತ್ರೆ ಕಂಡರೆ ಮಾತ್ರ ಅಪ್ಪನಿಗೆ ಏರುತ್ತದೆ, ಮನೆಯಲ್ಲಿ ಸರಿಯಿರುತ್ತದೆ ಎಂದಳು. “ನಂಬಿಕೆ ಇಲ್ಲದಿದ್ರೆ ನೀವೇ ಬಂದು ಅಳೀರಿ.”

ಮಾತಿಗೆ ಹೇಳಿದ್ದು. ಮರುದಿನ ಬೆಳಿಗ್ಗೆ ಅವನು ಬಂದೇಬಿಟ್ಟ.

ಅಳೆದರೆ ನೂರ ಎಪ್ಪತ್ತೆರಡು. ಅವನು ಚೀಟಿಯಲ್ಲಿ ಬರೆದುಕೊಂಡು ಮಾತ್ರೆ ಬದಲಿಸಿ ಹೋದ. ಆಮೇಲೆ ದಿನವೂ ಬಂದ. ಅಪ್ಪನ ಜೊತೆ ತಗ್ಗಿದ ದನಿಯಲ್ಲಿ ಮಾತು. ಅವಳು ಹತ್ತಿರ ಬಂದರೆ ಇಬ್ಬರೂ ಮೌನ.

‘ಆಪರೇಷನ್ ನಿಲ್ಲಿಸೋಕೆ ಸಾಕ್ಷಿ ಕೂಡಿಸ್ತಿದ್ದಾನೆ... ಇಲ್ಲದಿದ್ರೆ ದೊಡ್ಡ ಡಾಕ್ಟರಿಗೆ ನಮ್ಮ ಮನೆ ಬಾಗಿಲಲ್ಲೇನು ಕೆಲಸ?’

ಮೂರನೆಯ ವಾರ ತಡೆಯಲಾಗಲಿಲ್ಲ. ಅವನು ಚಪ್ಪಲಿ ಮೆಟ್ಟುವಾಗ ಅಡ್ಡ ನಿಂತು ಎಲ್ಲ ಹೇಳಿದಳು. ಪುಸ್ತಕ ಪೂರ್ತಿ ಸುಳ್ಳು, ಒಂದೇ ಸಂಜೆ ಬರೆದದ್ದು, ಅಪ್ಪನಿಗೆ ಗೊತ್ತಿಲ್ಲ. “ಬೈಯೋದಿದ್ರೆ ನನಗೆ ಬೈಯಿರಿ. ಆಪರೇಷನ್ ಮಾತ್ರ ತಪ್ಪಿಸಬೇಡಿ.”

“ಬೈಯೋಕೆ ಬಂದವನಲ್ಲ.” ಅವನ ದನಿ ಮೆತ್ತಗಿತ್ತು. “ಮಂಪರಿನ ಔಷಧಿ ಕೊಟ್ರೆ ಒತ್ತಡ ಇಳಿಯುತ್ತೆ. ಈ ಆಪರೇಷನ್‌ಗೆ ಅವರನ್ನ ಕೂತ ಹಾಗೆ ಒರಗಿಸಬೇಕು, ತಲೆ ಮೇಲಿರುತ್ತೆ. ಅವರ ಮೆದುಳು ಹೆಚ್ಚು ಒತ್ತಡಕ್ಕೇ ಒಗ್ಗಿದೆ. ನಿಮ್ಮ ನೂರಮೂವತ್ತು ನಂಬಿದ್ರೆ, ನೂರಕ್ಕೆ ಇಳಿದಾಗಲೂ ನಾನು ಸುಮ್ಮನಿರ್ತಿದ್ದೆ. ಮೆದುಳಿಗೆ ರಕ್ತ ಸಾಲದೆ ಹೋಗ್ತಿತ್ತು.”

“ಮೇಲಿನ ತೊಟ್ಟಿಗೆ ನೀರು ಹತ್ತೋದಿಲ್ಲ ಮಗಳೇ,” ಅಪ್ಪ ಒಳಗಿನಿಂದ ಅಂದ. “ನೀನು ಹೆದರ್ತೀಯ ಅಂತ ನಿನ್ನೆದುರು ಆಡಲಿಲ್ಲ.”

ಅವಳು ಬಾಗಿಲಿಗೆ ಒರಗಿದಳು. ಆಪರೇಷನ್ ಮುಗಿದು ಎದ್ದ ಅಪ್ಪ ಮಗಳ ಗುರುತೇ ಹಿಡಿಯದಿದ್ದರೆ? ಅದಕ್ಕೆ ತಾನು ಬರೆದ ಸುಳ್ಳು ಅಂಕಿಯೇ ಸಾಕಾಗುತ್ತಿತ್ತಲ್ಲ...

ಒತ್ತಡ ಹದಕ್ಕೆ ಬಂದ ಮೇಲೆ ಆಪರೇಷನ್ ಆಯಿತು. ಆ ಎರಡು ಗಂಟೆಯೂ ಅವನು ಅಪ್ಪನ ತಲೆಯ ಬಳಿಯಿಂದ ಕದಲಲಿಲ್ಲವೆಂದು ನರ್ಸಮ್ಮ ಹೇಳಿದಳು. ಅಪ್ಪ ಕಣ್ಣು ತೆರೆದು ಮಗಳನ್ನು ದಿಟ್ಟಿಸಿದ. ಅವಳು ಅಪ್ಪನ ಕಣ್ಣನ್ನೇ ನೋಡಿದಳು.

“ಏನು ಹಾಗೆ ನೋಡ್ತೀಯ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ ನೀನು?”

ಅವಳು ಅಳುತ್ತಲೇ ನಕ್ಕಳು.

ಹೊರಗಿನ ಕಾರಿಡಾರಿನಲ್ಲಿ ಡಾಕ್ಟರ್ ಗೋಡೆಗೆ ಒರಗಿ ನಿಂತಿದ್ದ.

“ಇನ್ನು ನಿಮ್ಮ ಮನೆಗೆ ಬರೋಕೆ ನನಗೆ ಕಾರಣ ಇಲ್ಲ,” ಅಂದ. “ನಿಜ ಹೇಳಬೇಕಂದ್ರೆ, ಎರಡನೇ ವಾರಕ್ಕೇ ಇರಲಿಲ್ಲ.”

ಅವಳು ಅವನ ಮುಖ ನೋಡಿದಳು. ಈ ಸಲ ಅನುಮಾನಕ್ಕೆ ಏನೂ ಸಿಗಲಿಲ್ಲ.

“ಬನ್ನಿ. ಕಾರಣ ಅಪ್ಪನಿಗೆ ನಾನು ಹೇಳ್ತೀನಿ.”

“ಸುಳ್ಳಾ?”

“ಇಲ್ಲ... ಇದು ನಿಜಾನೇ.”