ಸುದ್ದಿ ಬಾರದ ಬಾಗಿಲು

“ಇವತ್ತ ಎಲಿ ಕೊಯ್ಯಾಂಗಿಲ್ರಿ. ನಾಳೆ ಬರ್ರಿ,” ಎಂದಳು ಸರೋಜವ್ವ, ತಲೆ ಎತ್ತದೆ.

ಸವಣೂರಿನ ಆ ವೀಳ್ಯದೆಲೆ ತೋಟದ ಬಾಗಿಲಲ್ಲಿ ನಿಂತಿದ್ದ ಶಿವಯೋಗಿಯವರಿಗೆ ನಗು ಬಂತು. ವಾಯುಸೇನೆಯಲ್ಲಿ ಏರ್ ಕಮೋಡೋರ್ ಆಗಿ ನಿವೃತ್ತರಾದವರನ್ನು ಎಲೆ ವ್ಯಾಪಾರಿ ಎಂದುಕೊಂಡಿದ್ದಳು.

“ಎಲಿ ಬ್ಯಾಡ ನನಗ.”

ಬಳ್ಳಿ ಕಟ್ಟುತ್ತಿದ್ದ ಬೆರಳುಗಳು ನಿಂತವು. ದನಿಯಲ್ಲೇ ಗುರುತು ಸಿಕ್ಕಿತ್ತು. ಮೆಲ್ಲಗೆ ತಿರುಗಿದಳು. ನರೆತ ಮೀಸೆ ನೋಡಿ ಕಣ್ಣು ತಪ್ಪಿಸಿ, ಸೆರಗು ಸರಿಮಾಡಿಕೊಂಡು ಮತ್ತೆ ನೋಡಿದಳು.

“ನಿಮ್ಮೂರು ದುಂಡಸಿಯಿಂದ ಇಲ್ಲಿಗೆ ಬರಾಕ ಇಷ್ಟು ವರ್ಷ ಬೇಕಾತೇನ್ರಿ? ಬಸ್ ಇರಲಿಲ್ಲೇನು?”

ಎಪ್ಪತ್ತೊಂದರಲ್ಲಿ ಇಬ್ಬರಿಗೂ ಮದುವೆ ನಿಶ್ಚಯವಾಗಿತ್ತು. ಅಷ್ಟರಲ್ಲಿ ಯುದ್ಧ ಬಂತು. ಮೊದಲ ದಿನಗಳಲ್ಲೇ, ಜೊತೆಗೆ ಹಾರಿದ ಗೆಳೆಯ ವಾಪಸು ಬರಲಿಲ್ಲ. ಅವನ ಮನೆಗೆ ಸುದ್ದಿ ಹೇಳಲು ಹೋದವರು ಶಿವಯೋಗಿಯೇ. ಹಿಟ್ಟು ನಾದುತ್ತಿದ್ದ ಹೆಂಡತಿ, ಕೇಳಿದ ಮೇಲೂ ನಾದುತ್ತಲೇ ಇದ್ದಳು. ಸರೋಜಾಗೆ ಈ ಗತಿ ಬೇಡ ಎಂದು ಶಿವಯೋಗಿ ಮರುದಿನವೇ ಊರಿಗೆ ತಂತಿ ಕಳಿಸಿದರು: ಮದುವೆ ಬೇಡ. ಕಾರಣ ಬರೆಯಲಿಲ್ಲ.

ಆಮೇಲೆ ರ್‍ಯಾಂಕ್ ಏರುತ್ತ ಹೋಯಿತು. ಕ್ವಾರ್ಟರ್ಸ್ ದೊಡ್ಡದಾದಷ್ಟೂ ಒಳಗಿನ ಮೌನ ದೊಡ್ಡದಾಯಿತು. ಕಾರ್ಗಿಲ್ ಹೊತ್ತಿಗೆ ಅವರು ಹಾರುವವರಲ್ಲ, ಹಾರಲು ಕಳಿಸುವವರು. ಕಳಿಸಿದ ಒಬ್ಬ ಪೈಲಟ್ ಬರಲಿಲ್ಲ. ಮತ್ತೊಂದು ಮನೆಗೆ ಹೋದರು. ಅಲ್ಲಿ ಜೀಪಿನ ಸದ್ದಿಗೇ ಅವನ ಹೆಂಡತಿ, ಇನ್ನೂ ಹುಡುಗಿ, ಹೊರಗೆ ಬಂದು ನಿಂತಿದ್ದಳು. ಅವತ್ತು ಯೂನಿಫಾರ್ಮ್ ಬಿಚ್ಚದೆ ಒಬ್ಬರೇ ಕುಳಿತಿದ್ದ ಅವರಿಗಿದ್ದ ಸಮಾಧಾನ ಒಂದೇ: ಸರೋಜಾ ಎಲ್ಲೋ ಗಂಡ, ಮಕ್ಕಳ ಜೊತೆ ಸುಖವಾಗಿದ್ದಾಳೆ.

ನಿನ್ನೆ ದುಂಡಸಿಯಲ್ಲಿ ತಂಗಿಯ ಮಗಳು ಸವಿತಾ ಊಟಕ್ಕೆ ಬಡಿಸುತ್ತ ಅಂದಳು, “ಆ ಸರೋಜವ್ವ ಮದುವೀನ ಆಗಲಿಲ್ಲ, ಮಾಮಾ.” ಅವರು ತುತ್ತು ಕೆಳಗಿಟ್ಟು, ಸವಣೂರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಇದನ್ನೆಲ್ಲ ಅವರು ಬಾವಿಕಟ್ಟೆಯ ಮೇಲೆ ಕುಳಿತು ಹೇಳಿದರು. ಸರೋಜವ್ವ ಚಹಾ ಕೊಟ್ಟಳು, ತಟ್ಟೆಯಲ್ಲಿ ಕುರುಕಲು ಖಾರಾ ಹಾಕಿಟ್ಟಳು.

“ಸುದ್ದಿ ತರೋರು ನನ್ನ ಬಾಗಲಿಗೆ ಬರಬಾರದಂತ ನನ್ನ ಬಿಟ್ರಿ, ಹೌದಿಲ್ಲೋ?”

“ಹೌದು.”

“ಬರಲಿಲ್ರಿ. ಯಾರೂ ಬರಲಿಲ್ಲ. ಎಪ್ಪತ್ತೊಂದರ ಯುದ್ಧಕ್ಕ ರೇಡಿಯೋ ಮುಂದ ಕುಂತೆ, ಕಾರ್ಗಿಲ್‌ಗೆ ಟಿವಿ ಮುಂದ. ನೀವು ಅದೀರೋ ಇಲ್ಲೋ ಅಂತ ಯಾರನ್ನ ಕೇಳಬೇಕಿತ್ರಿ? ಕೇಳಾಕ ನಾ ನಿಮಗ ಏನಾಗಿದ್ದೆ?” ಅವಳು ತಟ್ಟೆಯನ್ನು ಅತ್ತ ಸರಿಸಿದಳು. “ಆ ಹೆಣ್ಮಕ್ಕಳಿಗೆ ಅಳಾಕರ ಒಂದು ಹಕ್ಕಿತ್ತು.”

ಶಿವಯೋಗಿಯವರ ಕೈಯಲ್ಲಿ ಚಹಾ ತಣ್ಣಗಾಗಿತ್ತು.

“ಸರೋಜಾ, ನಿನ್ನ ಬಿಟ್ಟು ಬ್ಯಾರೆ ಯಾರನ್ನೂ ಮನಸಿನಾಗ ತಂದುಕೊಳ್ಳಾಕ ಆಗಲಿಲ್ಲ ನನಗ. ಇನ್ನ ತಡಾ ಆತೇನು?”

“ತಡಾ ಆಗೇತ್ರಿ,” ಎಂದು ಅವಳು ಎದ್ದಳು. “ನಡೀರಿ, ಶಿಗ್ಗಾಂವಿ ಬಸ್ಸು ಹೋಗತೈತಿ.”

ಅಲ್ಲಿಗೆ ಮುಗಿಯಿತು ಎಂದುಕೊಂಡರು. ಸ್ಟ್ಯಾಂಡಿನವರೆಗೆ ಅವಳೂ ಬಂದಳು, ಒಂದು ಹೆಜ್ಜೆ ಹಿಂದೆ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಅವರ ಮೊಬೈಲ್ ಇಸಿದುಕೊಂಡು ತನ್ನ ನಂಬರ್ ಒತ್ತಿ ಕೊಟ್ಟಳು. ಅವರ ಮುಖ ನೋಡಲಿಲ್ಲ.

“ಮುಟ್ಟಿದ ಕೂಡಲೆ ಫೋನ್ ಮಾಡ್ರಿ.”

ಬಸ್ಸು ದಾಟಿ ಹೋದ ಹೊಲಗಳು ಶಿವಯೋಗಿಯವರ ಕಣ್ಣಿಗೆ ಮಸುಕಾಗಿ ಕಂಡವು. ಎಷ್ಟು ಸಲ ಆಕಾಶದಿಂದ ಇಳಿದಿದ್ದರು. ಇಳಿದೆ ಎಂದು ಹೇಳಲು ಯಾರೂ ಇರಲಿಲ್ಲ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ದುಂಡಸಿಯಲ್ಲಿ ಇಳಿದವರು, ಮನೆಯತ್ತ ಹೆಜ್ಜೆ ಹಾಕುವ ಮೊದಲೇ ಫೋನ್ ಮಾಡಿದರು. ರಿಂಗ್ ಆಗುವಷ್ಟರಲ್ಲಿ ಎತ್ತಿದಳು.

“ಮುಟ್ಟಿದೆ.”

“ಹೂಂ.”

ಇಬ್ಬರೂ ಫೋನ್ ಇಡಲಿಲ್ಲ.

“ನಾಳೆ ಲಗೂನ ಬರ್ರಿ,” ಎಂದಳು ಕೊನೆಗೆ. “ಬೈಯೋದು ಇನ್ನೂ ಭಾಳ ಉಳದೈತಿ.”