ವಾರಸುದಾರರಿಲ್ಲದ ಸಾಮಾನು

ಬಸಲಿಂಗವ್ವನನ್ನು ಹೊತ್ತಿದ್ದ ಲಿಫ್ಟು ಒಂಬತ್ತು ಮತ್ತು ಹತ್ತನೇ ಮಹಡಿಗಳ ನಡುವೆ ನಿಂತಿತು. ದೀಪ ಆರಿತು, ಫ್ಯಾನು ನಿಂತಿತು. ಮೃದುವಾದ ದನಿಯೊಂದು ಹೇಳಿತು: "ಈ ಲಿಫ್ಟಿನಲ್ಲಿ ಯಾರೂ ಇಲ್ಲ. ವಿದ್ಯುತ್ ಉಳಿಸಲಾಗುತ್ತಿದೆ."

"ಯಾರೂ ಇಲ್ಲಂದ್ರ ನಾ ಏನ್ ದೆವ್ವ ಏನ?" ಎಂದು ಮುದುಕಿ ಬಾಗಿಲು ಬಡಿದಳು.

ಬೆಳವಲಪುರವನ್ನು ನಡೆಸುತ್ತಿದ್ದುದು 'ಊರರಿವು' ಎಂಬ ಮಾಹಿತಿ ವ್ಯವಸ್ಥೆ. ಪ್ರತಿಯೊಬ್ಬರ ಬೆರಳಿಗೂ ಒಂದು ಇರುವುಂಗುರ. ಉಂಗುರ ಇದ್ದಲ್ಲಿ ಮನುಷ್ಯ ಇದ್ದಾನೆ, ಅಲ್ಲಿಗೆ ನೀರು, ಬೆಳಕು, ಗಾಳಿ. ಉಂಗುರ ಇಲ್ಲದಲ್ಲಿ ಏನೂ ಇಲ್ಲ. ಪೋಲಾಗುವುದೆಲ್ಲ ನಿಂತಿತು, ಒಪ್ಪಲೇಬೇಕು, ಯೋಜನೆ ಸೊಗಸಾಗಿತ್ತು. ಅದನ್ನು ರೂಪಿಸಿದ ಜಾಣರಿಗೆ ಮುಯ್ಯಿ ಎಂದರೇನೆಂದು ಮಾತ್ರ ಗೊತ್ತಿರಲಿಲ್ಲ. ನೆರೆಯವರು ನಮ್ಮ ಮನೆಯ ಕಾರ್ಯಕ್ಕೆ ಬಂದಿದ್ದರೆ ನಾವೂ ಅವರ ಮನೆಗೆ ಹೋಗಲೇಬೇಕು. ಮೊದಲಾದರೆ ಗದ್ದಲದಲ್ಲಿ ತಪ್ಪಿಸಿಕೊಳ್ಳಬಹುದಿತ್ತು. ಈಗ ಯಾರು ಬಂದರು, ಯಾರು ಬರಲಿಲ್ಲ ಎಂದು ಊರರಿವು ಕಾರ್ಯದ ಮನೆಯವರಿಗೆ ಪಟ್ಟಿಯನ್ನೇ ಕೊಡುತ್ತಿತ್ತು. ಮಂಡಿನೋವಿನ ಬಸಲಿಂಗವ್ವ ಬೇರೇನು ಮಾಡಿಯಾಳು? ಬಸುರಿ ಹುಡುಗಿಯೊಬ್ಬಳ ಕುಬುಸಕ್ಕೆ ಹೊರಟಿದ್ದ ನೆರೆಮನೆಯ ಫಕೀರವ್ವನ ಕೈಗೆ ತನ್ನ ಉಂಗುರ ಕೊಟ್ಟಳು. ಅತ್ತ ಉಂಗುರ ಹೋಯಿತು. ಇತ್ತ ಇವಳು ಮಾಳಿಗೆಯಲ್ಲಿ ಒಣಹಾಕಿದ್ದ ಸಂಡಿಗೆ ತರಲು ಯಾರದೋ ಜೊತೆಗೆ ಲಿಫ್ಟು ಹತ್ತಿದಳು. ಅವರು ಮೇಲಿನ ಗುಂಡಿ ಒತ್ತಿಕೊಟ್ಟು ಒಂಬತ್ತರಲ್ಲಿ ಇಳಿದುಹೋದರು.

ಕತ್ತಲಲ್ಲಿ ತಡಕಾಡಿ ಅವಳು ಆಪತ್ತಿನ ಗುಂಡಿ ಒತ್ತಿ ತನ್ನ ಹೆಸರು ಹೇಳಿದಳು. ನಿಯಂತ್ರಣ ಕೊಠಡಿಯ ತಂತ್ರಜ್ಞ ನಿರಂಜನ ಕಟ್ಟಿಮನಿ ಮಾತಾಡಿದ.

"ಅಜ್ಜಿ, ನೀವು ಕುಬುಸದ ಮನ್ಯಾಗ ಅದೀರಿ. ಇಲ್ಲಿ ತೋರಸಾಕತ್ತೈತಿ."

"ತೋರಸ್ಲಿ ಬಿಡಪಾ! ನಾ ಇಲ್ಲೇ ಅದೀನಿ. ಉಸಿರ ಕಟ್ಟಾಕತ್ತೈತಿ."

"ಮತ್ತ ಅಲ್ಲಿ ಊಟಕ್ಕ ಕುಂತಾಕಿ ಯಾರು?"

"ನನ್ನ ಉಂಗುರ! ಅದೇನ್ ಹೋಳಿಗಿ ತಿಂತೈತೇನೋ, ನಿನ್ನ ಬಾಯಾಗ ಮಣ್ಣ ಹಾಕ!"

ಬೈಗುಳ ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ನಿರಂಜನ ಗಾಬರಿಯಿಂದ ಲಿಫ್ಟಿನ ವಿವರ ತೆರೆದ. ತೂಕ ಐವತ್ತೆಂಟು ಕಿಲೋ. ವಾರಸುದಾರರಿಲ್ಲದ ಸಾಮಾನು. ಅಂಥದ್ದನ್ನು ಅರ್ಧ ಗಂಟೆಯ ನಂತರ ಲಿಫ್ಟು ತಾನಾಗಿ ನೆಲಮಾಳಿಗೆಯ ಗೋದಾಮಿಗೆ ಇಳಿಸುತ್ತದೆ. ಗೋದಾಮಿಗೆ ಒಳಗಿನಿಂದ ಚಿಲಕವಿಲ್ಲ. ವಾರಸುದಾರನ ಹೆಸರು ದಾಖಲಾದರೆ ಲಿಫ್ಟು ಕೂಡಲೇ ಇಳಿಸುತ್ತದೆ, ಆದರೆ ಅವನು ಖುದ್ದಾಗಿ ಉಂಗುರ ತೋರಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಮೇಲಿನವರ ಅಪ್ಪಣೆ ಕೇಳುತ್ತ ಕೂತರೆ ಸಂಜೆಯಾಗುತ್ತಿತ್ತು.

"ಅಜ್ಜಿ, ನಿಮ್ಮನ್ನ ನನ್ನ ಸಾಮಾನು ಅಂತ ಬರಕೊಂಡೀನಿ. ಈಗ ಲಿಫ್ಟ್ ಕೆಳಗ ಇಳಿತೈತಿ. ನಾನೂ ಬರಾಕತ್ತೀನಿ."

"ನನ್ನ ಗಂಡನೂ ನಲವತ್ತ ವರ್ಷ ಹಂಗ ಬರಕೊಂಡಿದ್ದ," ಎಂದಳು ಅವಳು, ಏದುಸಿರಿನ ನಡುವೆ. "ಲಗೂನ ಬಾ."

ನಿರಂಜನ ಮೋಟಾರ್ ಸೈಕಲ್ ಓಡಿಸಿಕೊಂಡು ಬಂದು, ಗೋದಾಮಿನ ಬಾಗಿಲಿಗೆ ಉಂಗುರ ಹಿಡಿದ. ಒಳಗೆ ಬಸಲಿಂಗವ್ವ ಅಕ್ಕಿಚೀಲಕ್ಕೆ ಒರಗಿ ಉಸಿರೆಳೆದುಕೊಳ್ಳುತ್ತಿದ್ದಳು. ಆದರೆ ಅವಳೊಬ್ಬಳೇ ಇರಲಿಲ್ಲ. ಇನ್ನಿಬ್ಬರು ಮುದುಕಿಯರು ಅವಳಿಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಅವರ ಬೆರಳುಗಳೂ ಬೋಳು.

"ಬಂದಿ ಅಲ್ಲಪಾ, ದೇವರಂಗ," ಎಂದಳು ಒಬ್ಬಳು. "ನಾವೂ ಮುಂಜಾನೆ ಲಿಫ್ಟಿನ್ಯಾಗ ಸಿಕ್ಕೊಂಡು ಗುಂಡಿ ಒತ್ತಿದ್ವಿ. ಯಾವನೋ ಒಬ್ಬಾಂವ, ನೀವು ಕುಬುಸದ ಮನ್ಯಾಗ ಅದೀರಿ ಅಂತ ನಕ್ಕು, ಇಟ್ಟಬಿಟ್ಟ. ಅಂವಗ ಸ್ವಲ್ಪ ಬುದ್ಧಿ ಹೇಳು."

ನಿರಂಜನ ಎದೆಯ ಮೇಲಿನ ನಿಯಂತ್ರಣ ಕೊಠಡಿಯ ಬಿಲ್ಲೆಯನ್ನು ಅಂಗಿಯೊಳಗೆ ತುರುಕಿದ.

"ಹೇಳ್ತೀನ್ರಿ, ಅಜ್ಜಿ," ಎಂದ.

ಆ ದನಿ ಕೇಳಿದ್ದೇ ತಡ, ಗಾಳಿ ಹಾಕುತ್ತಿದ್ದ ಅವಳ ಕೈ ನಿಂತಿತು.